ಸ್ಟರ್ಲಿಂಗ್ ಕೋಟೆಯ ಅರಮನೆ: ರಾಣಿಯ ಕೋಣೆಗಳಿಗೆ ಅರ್ಧ ದಿನ ಇಡಿ

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆ ನೋಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ಫಿರಂಗಿಗಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದರಲ್ಲೇ ಹೊತ್ತು ಕಳೆಯಬೇಡಿ. ಒಳಗಿನ ಅರಮನೆಗೆ ಹೋಗಿ. ಅಲ್ಲಿಯೂ ರಾಜನ ಕೋಣೆಗಳಿಗಿಂತ ರಾಣಿಯ ಕೋಣೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಫ್ರಾನ್ಸಿನಿಂದ ಸ್ಕಾಟ್ಲೆಂಡಿಗೆ ಮದುವೆಯಾಗಿ ಬಂದ ಒಬ್ಬ ಹೆಣ್ಣುಮಗಳು, ಮೇರಿ ದ ಗೀಸ್, ಬಾಳಿದ ಮನೆ ಅದು. ಕಟ್ಟಿಸಿದವನು ಅವಳ ಗಂಡ, ಸ್ಕಾಟ್ಲೆಂಡಿನ ದೊರೆ ಐದನೆಯ ಜೇಮ್ಸ್. ಆದರೆ ಕಟ್ಟಡ ಮುಗಿಯುವ ಹೊತ್ತಿಗೆ ಅವನೇ ಇರಲಿಲ್ಲ. ಮನೆಯಾಗಿ ಬಳಸಿದವಳು ಅವಳು.

ನಾನು ಗುಳೇದಗುಡ್ಡದ ಖಣ ನೇಯುವ ಮನೆಯಲ್ಲಿ ಹುಟ್ಟಿದವಳು. ನೇಕಾರಿಕೆ ಕಲಿಸುವ ಕೆಲಸದಲ್ಲಿದ್ದು ನಿವೃತ್ತಳಾಗಿದ್ದೇನೆ. ಮಗಳು ಡಂಡೀ ನಗರದಲ್ಲಿರುವುದರಿಂದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಇರುತ್ತೇನೆ. ಆದ್ದರಿಂದ ಯಾವ ಅರಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಬಟ್ಟೆಯ ಮೇಲೆ. ಸ್ಟರ್ಲಿಂಗ್‌ನಲ್ಲಿ ಆ ಕಣ್ಣಿಗೆ ಹಬ್ಬವೇ ಸಿಕ್ಕಿತು, ಅದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಮೊದಲ ಸಲ ಆ ಕೋಟೆಯನ್ನು ನೋಡಿದ್ದು ಎಡಿನ್‌ಬರೋದಿಂದ ಹೊರಡುವ ಒಂದು ದಿನದ ಬಸ್ ಪ್ರವಾಸದಲ್ಲಿ. ಸರೋವರ, ವಿಸ್ಕಿ ತಯಾರಿಕೆ, ಕೋಟೆ, ಎಲ್ಲವೂ ಒಂದೇ ದಿನದಲ್ಲಿ. ಕಂಪನಿಯ ಹೆಸರು ಬೇಡ, ಇಂತಹವು ಅಲ್ಲಿ ಹತ್ತಾರು ಇವೆ. ಬಸ್ಸಿನಲ್ಲಿ ಮೈಕು ಹಿಡಿದವರು ಇಂಗ್ಲಿಷರ ವಿರುದ್ಧ ಹೋರಾಡಿದ ವಿಲಿಯಂ ವಾಲೇಸ್‌ನ ಯುದ್ಧದಿಂದ ಆರಂಭಿಸಿ ಸ್ಕಾಟರ ರಾಣಿ ಮೇರಿಯ ಶಿರಚ್ಛೇದಕ್ಕೆ ನೇರವಾಗಿ ಹಾರಿದರು. ನಡುವಿನ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಇತ್ತು ಆ ಮಾತು. ಆ ಮೇರಿಯ ತಾಯಿಯೇ ಮೇರಿ ದ ಗೀಸ್; ಅವಳ ಬಗ್ಗೆ ಕೇಳಿದರೆ "ಅವರು ಫ್ರೆಂಚರು, ದೊಡ್ಡ ವರದಕ್ಷಿಣೆ ತಂದಿದ್ದರು" ಎಂದಷ್ಟೇ ಉತ್ತರ ಬಂತು. ಕೋಟೆಯ ಬಾಗಿಲಲ್ಲಿ ಇಳಿಸಿ, ಅರಮನೆಯನ್ನು ಅರ್ಧ ನೋಡುವಷ್ಟರಲ್ಲಿ ಮರಳಿ ಕರೆದರು. ನನಗೆ ನಿಜವಾಗಿ ಸಿಟ್ಟು ಬಂತು. ಆಮೇಲೆ ಮಗಳ ಜೊತೆ ರೈಲಿನಲ್ಲಿ ಹೋಗಿ, ಮನಸ್ಸು ತುಂಬುವಷ್ಟು ನೋಡಿದೆ. ಈ ಬರಹ ಆ ಎರಡನೆಯ ಭೇಟಿಯದು.

ಅರಮನೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ಹಿಂದಿನ ಮದುವೆಗಳ ಮಾತುಕತೆಯನ್ನು ತಿಳಿದಿರಬೇಕು. ಇಂಗ್ಲೆಂಡನ್ನು ಎದುರಿಸಲು ಸ್ಕಾಟ್ಲೆಂಡ್ ಮತ್ತು ಫ್ರಾನ್ಸ್ 1295ರಿಂದಲೂ ಒಂದಾಗಿದ್ದವು. 1517ರಲ್ಲಿ ರೂಆನ್ ನಗರದಲ್ಲಿ ಆದ ಒಪ್ಪಂದದಲ್ಲಿ, ಆಗಿನ್ನೂ ಬಾಲಕನಾಗಿದ್ದ ಐದನೆಯ ಜೇಮ್ಸ್‌ಗೆ ಫ್ರಾನ್ಸಿನ ರಾಜಕುಮಾರಿಯನ್ನು ಕೊಡುವ ಮಾತಾಯಿತು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್ ಮಾತು ಕೊಟ್ಟನೇ ಹೊರತು ಮಗಳನ್ನು ಕೊಡಲು ಹಿಂದೆಮುಂದೆ ನೋಡುತ್ತಲೇ ಇದ್ದ. ಅವನ ಮಗಳು ಮದಲೆನ್‌ಗೆ ಆರೋಗ್ಯ ಸರಿ ಇರಲಿಲ್ಲ. ಬದಲಿಗೆ ವಾಂಡೋಮ್ ಡ್ಯೂಕನ ಮಗಳನ್ನು ತೋರಿಸಿದರು, ಒಪ್ಪಂದವೂ ಆಯಿತು. ಜೇಮ್ಸ್ 1536ರಲ್ಲಿ ತಾನೇ ಹಡಗು ಹತ್ತಿ ಫ್ರಾನ್ಸಿಗೆ ಹೋದ. ಹೆಣ್ಣನ್ನು ನೋಡಿದ, ಒಪ್ಪಲಿಲ್ಲ. ದೊರೆಯ ಮಗಳೇ ಬೇಕೆಂದು ಹಟ ಹಿಡಿದ. 1537ರ ಜನವರಿ 1ರಂದು ಪ್ಯಾರಿಸ್ಸಿನ ನೋತ್ರದಾಮ್ ಚರ್ಚಿನಲ್ಲಿ ಮದಲೆನ್ ಜೊತೆಗೇ ಅವನ ಮದುವೆಯಾಯಿತು. ಅವಳಿಗೆ ಹದಿನಾರು ವರ್ಷ.

ಆ ವರ್ಷದ ಮೇ 19ರಂದು ಅವಳು ಲೀತ್ ಬಂದರಿನಲ್ಲಿ ಇಳಿದಳು. ಇಳಿದ ಕೂಡಲೇ ಬಾಗಿ ಸ್ಕಾಟ್ಲೆಂಡಿನ ಮಣ್ಣಿಗೆ ಮುತ್ತಿಟ್ಟಳೆಂದು ಹಳೆಯ ವೃತ್ತಾಂತದಲ್ಲಿ ಬರೆದಿದೆ. ಎಡಿನ್‌ಬರೋ ನಗರ ಅವಳ ಮೆರವಣಿಗೆಗೆ ಸಿದ್ಧತೆ ನಡೆಸಿತ್ತು. ಜುಲೈ 7ರಂದು ಅವಳು ಹಾಲಿರೂಡ್ ಅರಮನೆಯಲ್ಲಿ ತೀರಿಕೊಂಡಳು. ಎರಡು ತಿಂಗಳು ಕೂಡ ಆಗಿರಲಿಲ್ಲ. ಆಸ್ಥಾನ ಕವಿ ಡೇವಿಡ್ ಲಿಂಡ್ಸೆ ಅವಳಿಗಾಗಿ ಬರೆದ ಶೋಕಗೀತೆಯಲ್ಲಿ, ನಡೆಯದೇ ಹೋದ ಆ ಮೆರವಣಿಗೆಯನ್ನೇ ನೆನೆದು ಅಳುತ್ತಾನೆ. ಸ್ಕಾಟ್ಲೆಂಡಿನಲ್ಲಿ ಶೋಕದ ಉಡುಪು ತೊಟ್ಟದ್ದು ಅವಳಿಗಾಗಿಯೇ ಮೊದಲು ಎಂದು ಆ ಶತಮಾನದ ಇತಿಹಾಸಕಾರ ಜಾರ್ಜ್ ಬುಕ್ಯಾನನ್ ಬರೆದಿದ್ದಾನೆ.

ಮೇರಿ ದ ಗೀಸ್ ಬಂದದ್ದು ಆ ಸಾವಿನ ಮರು ವರ್ಷ. ಅವಳು ರಾಜಕುಮಾರಿಯಲ್ಲ, ಲೊರೇನ್ ಮನೆತನದ ಗೀಸ್ ಡ್ಯೂಕ್ ಕ್ಲೋಡ್‌ನ ಹಿರಿಯ ಮಗಳು. ಹುಟ್ಟಿದ್ದು 1515ರ ನವೆಂಬರ್ 22ರಂದು, ಬಾರ್-ಲ-ದ್ಯೂಕ್‌ನಲ್ಲಿ. ಹದಿನೆಂಟರಲ್ಲಿ ಲಾಂಗ್‌ವಿಲ್ ಡ್ಯೂಕ್ ಲೂಯಿಯ ಜೊತೆ ಮದುವೆಯಾಗಿ, ಒಬ್ಬ ಮಗನನ್ನು ಹೆತ್ತು, ಇನ್ನೊಂದು ಮಗು ಹೊಟ್ಟೆಯಲ್ಲಿದ್ದಾಗ 1537ರ ಜೂನ್‌ನಲ್ಲಿ ಗಂಡನನ್ನು ಕಳೆದುಕೊಂಡಳು. ಹುಟ್ಟಿದ ಎರಡನೆಯ ಮಗುವೂ ಉಳಿಯಲಿಲ್ಲ. ಇಪ್ಪತ್ತೆರಡರ ವಿಧವೆಗೆ ಆಗಲೇ ಇಬ್ಬರು ದೊರೆಗಳ ಕಡೆಯಿಂದ ಸಂಬಂಧ ಬಂತು. ಒಬ್ಬ ಸ್ಕಾಟ್ಲೆಂಡಿನ ಜೇಮ್ಸ್, ಇನ್ನೊಬ್ಬ ಅವನ ಸೋದರಮಾವ, ಇಂಗ್ಲೆಂಡಿನ ಎಂಟನೆಯ ಹೆನ್ರಿ. ಹೆನ್ರಿ ಮೂರನೆಯ ಹೆಂಡತಿಯನ್ನು ಆಗಷ್ಟೇ ಕಳೆದುಕೊಂಡಿದ್ದ, ತನಗೆ ಎತ್ತರದ, ಮೈಕಟ್ಟಿನ ಹೆಂಡತಿ ಬೇಕೆನ್ನುತ್ತಿದ್ದ. "ನಾನು ಎತ್ತರವಿರಬಹುದು, ಆದರೆ ನನ್ನ ಕುತ್ತಿಗೆ ಸಣ್ಣದು" ಎಂದು ಮೇರಿ ಹೇಳಿದಳೆಂಬ ಮಾತು ಅಂದಿನಿಂದ ಇಂದಿನವರೆಗೂ ನಡೆದು ಬಂದಿದೆ. ಅವಳು ಆ ಮಾತನ್ನು ಆಡಿರಲಿ ಬಿಡಲಿ, ಹೆನ್ರಿಯ ಅಪ್ಪಣೆಯಂತೆ ಅವನ ಎರಡನೆಯ ಹೆಂಡತಿ ಆನ್ ಬೊಲಿನ್‌ಳ ತಲೆ ಉರುಳಿದ್ದು ಎಲ್ಲರಿಗೂ ನೆನಪಿದ್ದ ಕಾಲ ಅದು.

1538ರ ಮೇ ತಿಂಗಳಲ್ಲಿ ಶಾತೊದೂನ್ ಕೋಟೆಯಲ್ಲಿ ವರನ ಪರವಾಗಿ ಲಾರ್ಡ್ ಮ್ಯಾಕ್ಸ್‌ವೆಲ್ ನಿಂತು ಮದುವೆ ನಡೆಯಿತು. ಜೂನ್‌ನಲ್ಲಿ ಫೈಫ್ ಕರಾವಳಿಯಲ್ಲಿ ಇಳಿದು, ಸೇಂಟ್ ಆಂಡ್ರ್ಯೂಸ್‌ನಲ್ಲಿ ಜೇಮ್ಸ್ ಜೊತೆ ಮದುವೆಯ ವಿಧಿ ಮುಗಿಸಿದಳು. ಎರಡೂವರೆ ವರ್ಷದ ಮಗ ಫ್ರಾನ್ಸ್ವಾನನ್ನು ತನ್ನ ತಾಯಿ ಆಂತ್ವಾನೆತ್‌ಳ ಕೈಯಲ್ಲಿ ಬಿಟ್ಟು ಬಂದಿದ್ದಳು. ಅವನು ತಂದೆಯ ಸಂಸ್ಥಾನದ ವಾರಸುದಾರ, ಫ್ರಾನ್ಸ್ ಬಿಟ್ಟು ಬರುವಂತಿರಲಿಲ್ಲ. ಈ ಮಗುವನ್ನು ನೆನಪಿನಲ್ಲಿಡಿ.

ಈಗ ಬಹಳ ಜನ ಗಮನಿಸದ ಮಾತು. ಮದುವೆಯ ಕರಾರಿನಲ್ಲಿ ವಧುವಿನ ಕಡೆಯಿಂದ 1,50,000 ಲಿವ್ರ್ (ಆಗಿನ ಫ್ರೆಂಚ್ ಹಣ) ಬಂತು. ಅದರಲ್ಲಿ ಒಂದು ಪಾಲನ್ನು ಫ್ರಾನ್ಸಿನ ದೊರೆಯೇ ಕೊಟ್ಟ. ಅದಕ್ಕೆ ಪ್ರತಿಯಾಗಿ, ಗಂಡ ಮೊದಲು ತೀರಿಕೊಂಡರೆ ಅವಳ ಬದುಕಿಗೆಂದು ಕೆಲವು ಕೋಟೆಗಳನ್ನೂ ಜಮೀನುಗಳನ್ನೂ ಅವಳ ಹೆಸರಿಗೆ ಬರೆದುಕೊಟ್ಟರು. ಫಾಕ್‌ಲ್ಯಾಂಡ್ ಅರಮನೆ ಅದರಲ್ಲಿತ್ತು, ಸ್ಟರ್ಲಿಂಗ್ ಕೂಡ ಇತ್ತು. ಅಂದರೆ ಸ್ಟರ್ಲಿಂಗ್‌ನ ಹೊಸ ಅರಮನೆ ಎದ್ದದ್ದು ಅವಳಿಗೆ ಬರೆದುಕೊಟ್ಟ ನೆಲದ ಮೇಲೆ. ಅಲ್ಲಿ ರಾಜನಿಗೆ ಮೂರು, ರಾಣಿಗೆ ಮೂರು, ಹೀಗೆ ಆರು ಕೋಣೆಗಳು ಒಂದೇ ಅಂತಸ್ತಿನಲ್ಲಿ, ನಡುವಿನ ಅಂಗಳದ ಸುತ್ತ ಎದುರುಬದುರಾಗಿ ಇವೆ. ಹೊರ ಸಭಾಂಗಣ, ಒಳ ಸಭಾಂಗಣ, ಮಲಗುವ ಕೋಣೆ, ಇಬ್ಬರಿಗೂ ಅದೇ ಕ್ರಮ. ರಾಣಿವಾಸ ಎಂದರೆ ಹಿಂಬದಿಯ ಮೂಲೆ ಎಂದುಕೊಂಡು ಹೋದ ನನಗೆ ಈ ಸಮಾನತೆ ಅಚ್ಚರಿ ತಂದಿತು. ಹೊರ ಸಭಾಂಗಣದವರೆಗೆ ಬಹಳ ಜನ ಬರಬಹುದು, ಒಳಗೆ ಆಯ್ದ ಕೆಲವರು, ಮಲಗುವ ಕೋಣೆಗೆ ಬೆರಳೆಣಿಕೆಯವರು. ಯಾರನ್ನು ಯಾವ ಬಾಗಿಲಿನವರೆಗೆ ಬಿಟ್ಟುಕೊಳ್ಳುತ್ತಾರೆ ಎಂಬುದರಲ್ಲೇ ರಾಜಕಾರಣ ಇತ್ತು.

ಒಳಗೆ ಹೋಗುವ ಮೊದಲು ಹೊರಗೋಡೆಗಳನ್ನು ಸಾವಕಾಶವಾಗಿ ನೋಡಿ. ಗೋಡೆಯ ಗೂಡುಗಳಲ್ಲಿ ಪುರಾಣದ ದೇವತೆಗಳು, ಗ್ರಹಗಳು, ಸೈನಿಕರು, ಒಂದು ಸೈತಾನ, ಒಂದು ಮೂಲೆಯಲ್ಲಿ ಗಡ್ಡ ಬಿಟ್ಟ ಐದನೆಯ ಜೇಮ್ಸ್. ಬ್ರಿಟನ್ನಿನಲ್ಲಿ ಪುನರುಜ್ಜೀವನ ಶೈಲಿಯ ಮೊದಮೊದಲ ಅರಮನೆಗಳಲ್ಲಿ ಇದೂ ಒಂದು ಎನ್ನುವುದು ಬಲ್ಲವರ ಮಾತು. ಮಳೆಗೆ, ಗಾಳಿಗೆ ಕಲ್ಲು ಸವೆದು ಹಲವು ಮುಖಗಳು ಗುರುತು ಸಿಗದಂತೆ ಆಗಿವೆ. ಮೂಲತಃ ಅವುಗಳಿಗೂ ಬಣ್ಣ ಬಳಿದಿದ್ದಿರಬೇಕು ಎನ್ನುತ್ತಾರೆ. ಹಾಗಿದ್ದರೆ ಬಯಲಿನಿಂದ ನೋಡುವವರಿಗೆ ಬೆಟ್ಟದ ತಲೆಯ ಮೇಲೆ ಹೇಗೆ ಕಂಡಿರಬೇಕು!

ರಾಜನ ಕೋಣೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಮಾನು ಕಡಿಮೆ, ಅದಕ್ಕೆ ಕಾರಣವೂ ಇದೆ: 1542ರ ಡಿಸೆಂಬರ್ 14ರಂದು ಜೇಮ್ಸ್ ಫಾಕ್‌ಲ್ಯಾಂಡ್ ಅರಮನೆಯಲ್ಲಿ ತೀರಿಕೊಂಡ, ಮೂವತ್ತು ವರ್ಷಕ್ಕೆ. ಇಲ್ಲಿ ಸಂಸಾರ ಹೂಡುವುದು ಅವನಿಗೆ ಆಗಲಿಲ್ಲ. ಅವನ ಒಳ ಸಭಾಂಗಣದ ಚಾವಣಿಯನ್ನು ಮಾತ್ರ ತಲೆ ಎತ್ತಿ ನೋಡಲೇಬೇಕು. ಸುಮಾರು ಒಂದು ಮೀಟರ್ ಅಗಲದ ಓಕ್ ಮರದ ದುಂಡು ಫಲಕಗಳಲ್ಲಿ ರಾಜರು, ರಾಣಿಯರು, ರೋಮನ್ ಚಕ್ರವರ್ತಿಗಳು, ಹರ್ಕ್ಯುಲಿಸ್, ವಿದೂಷಕ. 1777ರಲ್ಲಿ ಮೂಲ ಚಾವಣಿಯ ಭಾಗ ಕಳಚಿ ಬಿದ್ದು, ಫಲಕಗಳು ಊರೆಲ್ಲ ಹಂಚಿಹೋದವು. ಕೋಟೆಯ ಅಧಿಕಾರಿಯೊಬ್ಬನ ಹೆಂಡತಿ ಜೇನ್ ಗ್ರಹಾಂ ಅವುಗಳನ್ನು ಹುಡುಕಿ ಚಿತ್ರ ಬರೆದಿಟ್ಟಳು, 1817ರಲ್ಲಿ ಅವು ಅಚ್ಚಾದವು. ಆ ಹೆಣ್ಣುಮಗಳು ಆ ಕೆಲಸ ಮಾಡದಿದ್ದರೆ ಎಷ್ಟೋ ಮುಖಗಳು ಒಲೆ ಸೇರುತ್ತಿದ್ದವು. ಈಗ ಉಳಿದ ಮೂಲ ಫಲಕಗಳು ಮೇಲಿನ ಅಂತಸ್ತಿನ ಗ್ಯಾಲರಿಯಲ್ಲಿವೆ, ಚಾವಣಿಯಲ್ಲಿರುವುದು ಜಾನ್ ಡೊನಾಲ್ಡ್‌ಸನ್ ಎಂಬ ಶಿಲ್ಪಿ ಕೆತ್ತಿದ, ಬಣ್ಣ ತುಂಬಿದ ಪ್ರತಿಗಳು. ಎರಡನ್ನೂ ನೋಡಿ. ಬಣ್ಣವಿಲ್ಲದ ಹಳೆಯ ಮರದಲ್ಲಿ ಉಳಿಯ ಗುರುತು ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ಬಿಟ್ಟು ಬರಬೇಡಿ.

ಇನ್ನು ರಾಣಿಯ ಒಳ ಸಭಾಂಗಣ. ಅಲ್ಲಿ ಕಾಲಿಟ್ಟಾಗ ಮಗಳು "ಅವ್ವಾ, ಇಲ್ಲಿಂದ ನಿನ್ನನ್ನು ಹೊರಡಿಸುವುದು ಕಷ್ಟ" ಎಂದಳು. ನಿಜವೇ ಆಯಿತು.

ಗೋಡೆಗಳ ಮೇಲೆ ಒಂಟಿಕೊಂಬಿನ ಕುದುರೆ ಯೂನಿಕಾರ್ನ್‌ನ ಬೇಟೆಯನ್ನು ನೇಯ್ದ ಏಳು ಟೇಪೆಸ್ಟ್ರಿಗಳು, ಅಂದರೆ ಗೋಡೆಗೆ ತೂಗುಹಾಕುವ ಚಿತ್ರದ ತೆರೆಗಳು. ಬೇಟೆಗಾರರು ಹೊರಡುತ್ತಾರೆ. ಯೂನಿಕಾರ್ನ್ ಕೊಂಬನ್ನು ನೀರಿಗೆ ಅದ್ದಿ ವಿಷ ಕಳೆಯುತ್ತದೆ, ಉಳಿದ ಪ್ರಾಣಿಗಳು ಕಾಯುತ್ತವೆ. ಬೇಟೆಗಾರರು ಸುತ್ತುವರಿಯುತ್ತಾರೆ, ಅದು ಹೊಳೆ ದಾಟುತ್ತದೆ, ತಿರುಗಿ ನಿಂತು ನಾಯಿಯನ್ನು ತಿವಿಯುತ್ತದೆ. ಕನ್ಯೆಯ ಬಳಿ ಮಾತ್ರ ಪಳಗುತ್ತದೆ. ಕೊಂದು ಕೋಟೆಗೆ ಹೊತ್ತು ತರುತ್ತಾರೆ. ಕೊನೆಯ ತೆರೆಯಲ್ಲಿ ಮತ್ತೆ ಜೀವಂತವಾಗಿ, ಬೇಲಿಯೊಳಗೆ, ದಾಳಿಂಬೆ ಮರಕ್ಕೆ ಕಟ್ಟಿಸಿಕೊಂಡು ಕುಳಿತಿದೆ.

ಇವು ಹಳೆಯವಲ್ಲ, ಹೊಸದಾಗಿ ನೇಯ್ದವು. ಜೇಮ್ಸ್‌ನ ಬಳಿ ಯೂನಿಕಾರ್ನ್ ಕಥೆಯ ತೆರೆಗಳಿದ್ದವೆಂದು 1539ರ ಸಾಮಾನು ಪಟ್ಟಿಯಲ್ಲಿದೆ, ಆದರೆ ಅವು ಉಳಿದಿಲ್ಲ. ಹಾಗಾಗಿ ಅದೇ ಕಾಲಕ್ಕೆ ಹತ್ತಿರದ, 1500ರ ಆಸುಪಾಸಿನ ಒಂದು ಗುಂಪನ್ನು ಮಾದರಿಯಾಗಿ ತೆಗೆದುಕೊಂಡರು. ಆ ಮೂಲ ತೆರೆಗಳು ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸೇರಿದ ಕ್ಲಾಯ್ಸ್ಟರ್ಸ್‌ನಲ್ಲಿವೆ. ಫ್ರೆಂಚ್ ಕ್ರಾಂತಿಯ ಗಲಭೆಯಲ್ಲಿ ಲೂಟಿಯಾಗಿ, ರೈತರ ಕಣಜದಲ್ಲಿ ತರಕಾರಿ ಮುಚ್ಚಲು ಬಳಕೆಯಾದ ತೆರೆಗಳು ಅವು. ಇಂಗ್ಲೆಂಡಿನ ವೆಸ್ಟ್ ಡೀನ್ ಕಾಲೇಜಿನ ಟೇಪೆಸ್ಟ್ರಿ ವಿಭಾಗದ ಮುಂದಾಳತ್ವದಲ್ಲಿ ಹಲವು ದೇಶಗಳ ನೇಕಾರರು ಕುಳಿತು, ಕೆಲವನ್ನು ಅಲ್ಲಿಯೂ ಕೆಲವನ್ನು ಸ್ಟರ್ಲಿಂಗ್ ಕೋಟೆಯೊಳಗೇ ಮಗ್ಗ ಹೂಡಿಯೂ, ಹದಿಮೂರು ವರ್ಷಗಳ ಯೋಜನೆಯಾಗಿ ನೇಯ್ದರು. ಖರ್ಚು ಸುಮಾರು 20 ಲಕ್ಷ ಪೌಂಡ್. ಪ್ರವಾಸಿಗರ ಎದುರಿಗೇ ಮಗ್ಗ ನಡೆಯುತ್ತಿತ್ತಂತೆ. ಆ ದಿನಗಳಲ್ಲಿ ನಾನು ಅಲ್ಲಿರಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನೇಕಾರಳಾಗಿ ಒಂದಿಷ್ಟು ಹೇಳಬೇಕು. ನಮ್ಮ ಖಣದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ, ಬುಟ್ಟಾ ಮತ್ತೆ ಮತ್ತೆ ಅದೇ ಅಳತೆಯಲ್ಲಿ ಬರುತ್ತದೆ. ಟೇಪೆಸ್ಟ್ರಿಯಲ್ಲಿ ಲಾಳಿ ಓಡುವುದೇ ಇಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಂಡಿಕೆ. ಆ ಬಣ್ಣ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಮಾತ್ರ ಹೊಕ್ಕು ಹೋಗಿ, ಅಲ್ಲಿಂದಲೇ ಹಿಂದಿರುಗುತ್ತದೆ. ಹೊಕ್ಕನ್ನು ಎಷ್ಟು ಒತ್ತಾಗಿ ಬಡಿಯುತ್ತಾರೆಂದರೆ ಹಾಸು ಪೂರ್ತಿ ಮುಚ್ಚಿಹೋಗುತ್ತದೆ, ಕಣ್ಣಿಗೆ ಕಾಣುವ ಚಿತ್ರವೆಲ್ಲ ಹೊಕ್ಕಿನದೇ. ಮರುಕಳಿಕೆ ಎಂಬುದೇ ಇಲ್ಲ. ಒಂದು ಎಲೆ ನೇಯ್ದಾದ ಮೇಲೆ ಮುಂದಿನ ಎಲೆಗೆ ಮತ್ತೆ ಮೊದಲಿನಿಂದ ಯೋಚಿಸಬೇಕು. ಅಂತಹದರಲ್ಲಿ ನೆಲದ ತುಂಬ ನೂರಾರು ಹೂಗಿಡಗಳು, ಒಂದೊಂದನ್ನೂ ಹೆಸರು ಹಿಡಿದು ಗುರುತಿಸುವಷ್ಟು ಸ್ಪಷ್ಟ. ಈ ಬಗೆಯ ಹಳೆಯ ತೆರೆಗಳಲ್ಲಿ ಚಿತ್ರವನ್ನು ಮಗ್ಗದ ಮೇಲೆ ಅಡ್ಡಲಾಗಿ ಮಲಗಿಸಿ ನೇಯುತ್ತಿದ್ದರು. ನೇಯುವವರಿಗೆ ಮನುಷ್ಯನ ಮುಖ ನೆಟ್ಟಗೆ ಕಾಣುವುದೇ ಇಲ್ಲ. ಮುಗಿದು ಗೋಡೆಗೆ ಏರಿದಾಗಲೇ ಅವನು ಎದ್ದು ನಿಲ್ಲುವುದು.

"ಬಣ್ಣ ತೀರಾ ಢಾಳಾಯಿತು" ಎಂದು ನನ್ನ ಪಕ್ಕದಲ್ಲಿ ನಿಂತಿದ್ದ ಪ್ರವಾಸಿಯೊಬ್ಬರು ಗೊಣಗಿದರು. ಇದನ್ನು ನಾನು ಒಪ್ಪುವುದಿಲ್ಲ. ಹೊಸ ಬಟ್ಟೆ ಹೊಳೆಯಬೇಕು. ನ್ಯೂಯಾರ್ಕ್‌ನ ಮೂಲ ತೆರೆಗಳ ಹಿಂದಿನ ಅಸ್ತರಿಯನ್ನು 1998ರಲ್ಲಿ ಬಿಚ್ಚಿದಾಗ, ಬೆಳಕು ಕಾಣದ ಹಿಂಬದಿಯಲ್ಲಿ ಬಣ್ಣಗಳು ಇದೇ ರೀತಿ ಉಜ್ವಲವಾಗಿದ್ದವು. ಆ ಮೂಲ ತೆರೆಗಳ ಬಣ್ಣಗಳು ಮುಖ್ಯವಾಗಿ ಮೂರು ಗಿಡಗಳಿಂದ ಬಂದವು: ಹಳದಿಗೆ ವೆಲ್ಡ್, ಕೆಂಪಿಗೆ ಮ್ಯಾಡರ್, ನೀಲಿಗೆ ವೋಡ್. ಮ್ಯಾಡರ್ ನಮ್ಮ ಮಂಜಿಷ್ಠದ ಜಾತಿಯದೇ, ವೋಡ್‌ನಲ್ಲಿರುವುದು ನಮ್ಮ ನೀಲಿ ಗಿಡದಲ್ಲಿರುವ ಬಣ್ಣವೇ. ಮೂರರಿಂದಲೇ ಒಂದರ ಮೇಲೊಂದು ಅದ್ದಿ ಹಸಿರು, ಕಿತ್ತಳೆ, ನೇರಳೆ ತೆಗೆದಿದ್ದಾರೆ. ಮಂದ ಬಣ್ಣವೇ ಹಳೆಯ ಕಾಲದ ಗಾಂಭೀರ್ಯ ಎಂಬ ನಂಬಿಕೆ ಈ ಕೋಣೆಯಲ್ಲಿ ಕಳಚಿಬೀಳುತ್ತದೆ, ಅದೇ ಈ ಅರಮನೆಯ ದೊಡ್ಡ ಉಪಕಾರ.

ಇನ್ನೊಂದು ವಿಷಯಕ್ಕೆ ಆ ನೇಕಾರರಿಗೆ ನಾನು ಕೈ ಮುಗಿಯುತ್ತೇನೆ. ಕನ್ಯೆ ಯೂನಿಕಾರ್ನನ್ನು ಪಳಗಿಸುವ ತೆರೆಯ ಮೂಲದಲ್ಲಿ ಉಳಿದಿರುವುದು ಎರಡು ತುಂಡು ಮಾತ್ರ, ಕನ್ಯೆಯೇ ಇಲ್ಲ. ಅವಳ ತೋಳಿನ ಒಂದಿಷ್ಟು, ಕೈಬೆರಳು ಇದೆ. ಉಳಿದದ್ದನ್ನು ಆ ಕಾಲದ ಇತರ ಚಿತ್ರಗಳನ್ನು ಅಭ್ಯಾಸ ಮಾಡಿ ಹೊಸದಾಗಿ ರೂಪಿಸಿದ್ದಾರೆ. ಜೋಡಣೆ ಎಲ್ಲಿ ಎಂದು ಹುಡುಕಿದೆ, ಕೈಕೆಲಸದಲ್ಲಿ ಎಲ್ಲಿಯೂ ಗೆರೆ ಕಾಣಲಿಲ್ಲ.

ತೆರೆಗಳ ನಡುವೆ ರಾಣಿಯ ಆಸನ, ಮೇಲೆ ಮೇಲ್ಕಟ್ಟು. ತವರಿನ ಲಾಂಛನವನ್ನೂ ಗಂಡನ ಮನೆಯ ಲಾಂಛನವನ್ನೂ ಕೂಡಿಸಿದ ಕಸೂತಿ ಅದರ ಮೇಲಿದೆ. ಅವಳು ಎರಡೂ ಮನೆಗಳನ್ನು ಬಿಟ್ಟವಳಲ್ಲ. ಬಂದ ಮರುವರ್ಷವೇ ತಾಯಿಗೆ ಬರೆದು ಲೊರೇನ್‌ನಿಂದ ಚಿನ್ನದ ಗಣಿ ಕೆಲಸಗಾರರನ್ನು ಕರೆಸಿದಳು, ಸ್ಕಾಟ್ಲೆಂಡಿನ ಕ್ರಾಫರ್ಡ್ ಮೂರ್‌ನಲ್ಲಿ ಚಿನ್ನ ತೆಗೆಯಲು. ಕಲ್ಲುಕುಟಿಗರನ್ನೂ ಗೀಸ್ ಮನೆಯವರೇ ಕಳಿಸಿದರು. ಫಾಕ್‌ಲ್ಯಾಂಡ್‌ನಲ್ಲಿ ಕೆಲಸ ಮಾಡಿದ ನಿಕೊಲಾ ರುವಾ ಹಾಗೆ ಬಂದವನು.

ಮಲಗುವ ಕೋಣೆಯಲ್ಲಿ ಆ ಕಾಲದ ಉಡುಪು ತೊಟ್ಟ ಸಿಬ್ಬಂದಿ ಇದ್ದರು, ರಾಣಿಯ ಆಸ್ಥಾನದವರಂತೆಯೇ ಮಾತನಾಡುತ್ತಾರೆ. ನನಗೆ ಇಂತಹ ವೇಷ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಇಲ್ಲಿ ಹಿಡಿಸಿತು, ಏಕೆಂದರೆ ಕೇಳಿದ್ದಕ್ಕೆ ತಿಳಿದು ಉತ್ತರಿಸಿದರು. ಈ ಭಾರಿ ಮಂಚದಲ್ಲಿ ರಾಣಿ ನಿದ್ದೆ ಮಾಡುತ್ತಿರಲಿಲ್ಲ, ಅದು ಅಂತಸ್ತಿನ ಗುರುತು, ಮಲಗುತ್ತಿದ್ದದ್ದು ಪಕ್ಕದ ಸಣ್ಣ ಕೋಣೆಯಲ್ಲಿ ಎಂದು ಆ ಹುಡುಗಿ ವಿವರಿಸಿದಳು. ಅವಳ ತೋಳಿನ ಹೊಲಿಗೆಯನ್ನು ನೋಡಬಹುದೇ ಎಂದು ಕೇಳಿದೆ. ನಗುತ್ತಾ ಕೈ ಚಾಚಿದಳು. ಕೈಹೊಲಿಗೆಯೇ, ಯಂತ್ರದ್ದಲ್ಲ.

ಆ ಕೋಣೆಯಲ್ಲಿ ನನಗೆ ನೆನಪಾದದ್ದು ಒಂದು ದಾರದ ಕಥೆ. ಫ್ರಾನ್ಸಿನಲ್ಲಿ ಉಳಿದ ಮಗ ಫ್ರಾನ್ಸ್ವಾ ಬೆಳೆಯುತ್ತಾ ಬಂದಂತೆ ತಾಯಿಗೆ ಪತ್ರ ಬರೆಯುತ್ತಿದ್ದ. ತಾನು ಎಷ್ಟು ಎತ್ತರವಾಗಿದ್ದೇನೆ ಎಂದು ತೋರಿಸಲು, ತನ್ನ ಎತ್ತರಕ್ಕೆ ಸರಿಯಾಗಿ ಅಳೆದು ಕತ್ತರಿಸಿದ ದಾರವನ್ನು ಕಳಿಸಿದ್ದ. ಸಮುದ್ರದಾಚೆಗೆ ಮಗನನ್ನು ಬಿಟ್ಟು ಬಂದ ತಾಯಿ ಆ ದಾರವನ್ನು ಎಲ್ಲಿ ಹಿಡಿದು ನೋಡಿರಬಹುದು? ಗೋಡೆಗೆ ಒತ್ತಿ ಹಿಡಿದಳೇ, ತನ್ನ ಭುಜಕ್ಕೆ ಹಚ್ಚಿ ನೋಡಿದಳೇ? ಜೀವನವಿಡೀ ನೂಲು ಅಳೆದ ನನ್ನ ಕೈಗೆ ಆ ದಾರದ ತೂಕ ಗೊತ್ತಾದಂತಾಯಿತು.

ಅವಳ ಮಕ್ಕಳ ಕಥೆ ಓದಲು ಕಷ್ಟವಾಗುತ್ತದೆ. ಜೇಮ್ಸ್‌ನಿಂದ ಹುಟ್ಟಿದ ಇಬ್ಬರು ಗಂಡುಮಕ್ಕಳು 1541ರ ಏಪ್ರಿಲ್‌ನಲ್ಲಿ ಬೆನ್ನುಬೆನ್ನಿಗೆ ಹೋದರು. ಮೂರನೆಯದು ಹೆಣ್ಣು, 1542ರ ಡಿಸೆಂಬರ್ 8ರಂದು ಲಿನ್‌ಲಿತ್‌ಗೋ ಅರಮನೆಯಲ್ಲಿ ಹುಟ್ಟಿತು. ಆರು ದಿನಕ್ಕೆ ತಂದೆ ಸತ್ತು, ಕೂಸು ರಾಣಿಯಾಯಿತು. ಆ ಕೂಸನ್ನು ತನ್ನ ಮಗನಿಗೆ ತಂದುಕೊಳ್ಳಲು ಹೆನ್ರಿ ಹೊಂಚುತ್ತಿದ್ದ. ಮೇರಿ ದ ಗೀಸ್ 1543ರ ಜುಲೈನಲ್ಲಿ ಮಗುವನ್ನು ಎತ್ತಿಕೊಂಡು ಬಂದು ಸೇರಿದ್ದು ಇದೇ ಸ್ಟರ್ಲಿಂಗ್ ಕೋಟೆಯನ್ನು, ತನ್ನ ಹೆಸರಿಗಿದ್ದ ಕೋಟೆಯನ್ನು. ಸೆಪ್ಟೆಂಬರ್ 9ರಂದು ಒಂಬತ್ತು ತಿಂಗಳ ಕೂಸಿಗೆ ಇಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಕಿರೀಟಧಾರಣೆ ನಡೆಯಿತು. ಈಗ ಕಾಣುವ ಮಂದಿರ 1594ರದ್ದು, ಅಂದಿನದಲ್ಲ. ಇಂಗ್ಲಿಷರ ದಾಳಿ ನಿಲ್ಲದಿದ್ದಾಗ, 1548ರಲ್ಲಿ ಐದು ವರ್ಷದ ಮಗಳನ್ನೂ ಡಂಬಾರ್ಟನ್‌ನಿಂದ ಫ್ರಾನ್ಸಿಗೆ ಹಡಗು ಹತ್ತಿಸಿದಳು. 1550ರಲ್ಲಿ ಅಲ್ಲಿಗೆ ಹೋಗಿ ಇಬ್ಬರನ್ನೂ ಕಂಡಳು. ಮರಳುವ ಹೊತ್ತಿಗೆ, 1551ರ ಸೆಪ್ಟೆಂಬರ್‌ನಲ್ಲಿ, ದಾರ ಕಳಿಸಿದ್ದ ಮಗ ಅಮಿಯೆನ್ಸ್‌ನಲ್ಲಿ ತೀರಿಕೊಂಡ. ಅವನಿಗೆ ಹದಿನೈದು. ಫ್ರಾನ್ಸಿನಲ್ಲಿ ಉಳಿಯಬಹುದಿತ್ತು. ಅವಳು ಸ್ಕಾಟ್ಲೆಂಡಿಗೇ ಮರಳಿದಳು, 1554ರಿಂದ ಮಗಳ ಪರವಾಗಿ ರಾಜ್ಯಭಾರ ಹೊತ್ತಳು, 1560ರ ಜೂನ್ 11ರಂದು ಎಡಿನ್‌ಬರೋ ಕೋಟೆಯಲ್ಲಿ ಕಣ್ಣು ಮುಚ್ಚಿದಳು.

ಇಂಥವಳನ್ನು "ಸ್ಕಾಟರ ರಾಣಿಯ ತಾಯಿ" ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಅವಳು ತಪ್ಪು ಮಾಡಲಿಲ್ಲವೆಂದಲ್ಲ. ಫ್ರೆಂಚ್ ಸೈನ್ಯವನ್ನೂ ಫ್ರೆಂಚ್ ಅಧಿಕಾರಿಗಳನ್ನೂ ಹೆಚ್ಚು ನೆಚ್ಚಿಕೊಂಡು ಸ್ಕಾಟರ ಮನಸ್ಸನ್ನು ಕಳೆದುಕೊಂಡಳು, ಪ್ರೊಟೆಸ್ಟಂಟರ ಬಂಡಾಯ ಅವಳ ಕೊನೆಯ ವರ್ಷಗಳನ್ನು ನುಂಗಿತು. ಆದರೂ ಪರನಾಡಿನಲ್ಲಿ, ಗಂಡನಿಲ್ಲದೆ, ಹದಿನೇಳು ವರ್ಷ ಮಗಳ ಕಿರೀಟವನ್ನು ಕಾಯ್ದದ್ದು ಸಣ್ಣ ಸಾಮರ್ಥ್ಯವಲ್ಲ. ಸ್ಟರ್ಲಿಂಗ್‌ನ ಅರಮನೆ ಅವಳನ್ನು ಮನೆಯೊಡತಿಯಾಗಿ ಮುಂದೆ ಕೂರಿಸಿದೆ. 1964ರವರೆಗೆ ಸೈನ್ಯದ ಬಳಕೆಯಲ್ಲಿದ್ದ ಕೋಟೆಯೊಳಗಿನ ಕೋಣೆಗಳನ್ನು ಸುಮಾರು 1.2 ಕೋಟಿ ಪೌಂಡ್ ಖರ್ಚಿನಲ್ಲಿ ಹಿಂದಿನ ರೂಪಕ್ಕೆ ತಂದು 2011ರಲ್ಲಿ ತೆರೆದರು. ಆ ಹಣ ಸಾರ್ಥಕವಾಗಿದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿತಗೊಳಿಸಿದ್ದು ಹತ್ತುವ ದಾರಿಗಾಗಿ. ರೈಲು ನಿಲ್ದಾಣದಿಂದ ಹಳೆಯ ಊರಿನ ನಡುವೆ ಏರು, ಕೋಟೆಯೊಳಗೆ ಉರುಟು ಕಲ್ಲಿನ ನೆಲ. ಮೊಣಕಾಲು ನೋವಿರುವವರು ಟ್ಯಾಕ್ಸಿಯಲ್ಲಿ ಮೇಲಿನವರೆಗೆ ಹೋಗಿ. ಸೀರೆ ಉಡುವವರು ಒಳಗೆ ಉಣ್ಣೆಯದು ಏನಾದರೂ ಹಾಕಿಕೊಳ್ಳಿ, ಬೇಸಿಗೆಯಲ್ಲಿಯೂ ಬೆಟ್ಟದ ಮೇಲೆ ಗಾಳಿ ಬಿರುಸು. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಕೊಂಡರೆ ಅಗ್ಗ. ನಾವು ಚಪಾತಿ, ಪಲ್ಯದ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು, ಗೋಡೆಯಂಚಿನ ತೋಟದಲ್ಲಿ ಕುಳಿತು ಉಂಡೆವು. ಒಳಗಿನ ಕೆಫೆಯಲ್ಲಿ ಚಹಾ ಕುಡಿದೆವು, ಬಿಸಿಯಾಗಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ರಾಣಿಯ ಕೋಣೆಗಳಲ್ಲಿ ಜನ ಕಡಿಮೆ, ಬಸ್ಸುಗಳು ಬರತೊಡಗಿದ ಮೇಲೆ ತೆರೆಗಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ.

ಇದನ್ನು ನೋಡಿ ಮನಸ್ಸು ತಣಿಯದವರು ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳಿಬಿಡುತ್ತೇನೆ. ಲಿನ್‌ಲಿತ್‌ಗೋ ಅರಮನೆಯಲ್ಲಿ ಈಗ ಚಾವಣಿ ಇಲ್ಲ, ಆದರೆ ಅಂಗಳದ ಕಲ್ಲಿನ ಕಾರಂಜಿ ಜೇಮ್ಸ್ ಕಾಲದ್ದು. ಫ್ರಾನ್ಸಿನಲ್ಲಿ ಕೂಡ ಇದಕ್ಕಿಂತ ರಾಜಯೋಗ್ಯ ಅರಮನೆಯನ್ನು ಕಂಡಿಲ್ಲವೆಂದು ಮೇರಿ ಮೆಚ್ಚಿದಳೆಂದು ಹೇಳುತ್ತಾರೆ. ಫಾಕ್‌ಲ್ಯಾಂಡ್‌ನ ಅಂಗಳದ ಗೋಡೆಯಲ್ಲಿ ಫ್ರೆಂಚ್ ಕೈಗಳ ಕೆತ್ತನೆ ಉಳಿದಿದೆ, 1539ರ ಟೆನಿಸ್ ಅಂಕಣವೂ ಇದೆ. ಎಡಿನ್‌ಬರೋದ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿ ಕೊರ್ನೇಯ್ ದ ಲಿಯಾನ್ ಬರೆದದ್ದೆನ್ನುವ ಮೇರಿಯ ಪುಟ್ಟ ಭಾವಚಿತ್ರವಿದೆ, ಪ್ರವೇಶ ಉಚಿತ. ಪುಟ್ಟ ಮದಲೆನ್‌ಳನ್ನು ನೆನೆಯಬೇಕೆಂದರೆ ಹಾಲಿರೂಡ್‌ಗೇ ಹೋಗಬೇಕು. ಅವಳನ್ನು ಮಣ್ಣು ಮಾಡಿದ ಮಠದ ಚಾವಣಿ 1768ರಲ್ಲಿ ಕುಸಿದಿದೆ, ಗೋಡೆಗಳು ಮಾತ್ರ ನಿಂತಿವೆ. ಲಿನ್‌ಲಿತ್‌ಗೋ, ಸ್ಟರ್ಲಿಂಗ್, ಎಡಿನ್‌ಬರೋ ಕೋಟೆ ಮೂರಕ್ಕೂ ಒಂದೇ ಎಕ್ಸ್‌ಪ್ಲೋರರ್ ಪಾಸ್ ನಡೆಯುತ್ತದೆ. ಹಾಲಿರೂಡ್ ಮತ್ತು ಫಾಕ್‌ಲ್ಯಾಂಡ್ ಬೇರೆ ಸಂಸ್ಥೆಗಳಿಗೆ ಸೇರಿದವು, ಟಿಕೆಟ್ ಪ್ರತ್ಯೇಕ. ಫಾಕ್‌ಲ್ಯಾಂಡ್ ಚಳಿಗಾಲದಲ್ಲಿ ಮುಚ್ಚಿರುವುದುಂಟು, ತೆರೆದಿರುವ ದಿನ ನೋಡಿಕೊಂಡು ಹೊರಡಿ.